ಬಾನೆಟ್ಟಿನ ಮೇಲೊಂದು ಎಲೆ

ಆ ಚಳಿಗಾಲ ಪೂರ್ತಿ ನಮ್ಮ ಮನೆಯ ಬಾಗಿಲು ತೆರೆದೇ ಇತ್ತು. ದೆಹಲಿಯ ಸರೋಜಿನಿ ನಗರದ ಮಾರ್ಕೆಟ್ಟಿನ ಹಿಂಬದಿಯಲ್ಲಿ ಎರಡನೇ ಮಹಡಿಯ ಮನೆ. ಬಾಗಿಲು ದಾಟಿದರೆ ನೇರ ಮೆಟ್ಟಿಲು. ಡಿಸೆಂಬರಿನ ಮಂಜು ಆ ಮೆಟ್ಟಿಲು ಹತ್ತಿ ಬಂದು ನಮ್ಮ ಚಪ್ಪಲಿಗಳ ಮೇಲೆ ಕೂರುತ್ತಿತ್ತು. ಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ತಲೆಗೆ ಅಪ್ಪನ ಮಫ್ಲರ್ ಸುತ್ತಿಕೊಂಡು ಅಜ್ಜಿ ಕೂತಿರುತ್ತಿದ್ದಳು. ಯಾರಾದರೂ ಚಿಲಕಕ್ಕೆ ಕೈ ಹಾಕಿದರೆ, "ತಿಲಕ ಇನ್ನೂ ಹೊರಗೇ ಇದ್ದಾನೆ" ಎನ್ನುವಳು, ಹಾಲು ತರಲು ಹೋದವನ ಬಗ್ಗೆ ಹೇಳುವ ಹಾಗೆ.

ತಿಲಕ್ ಮಾಮ ಅಜ್ಜಿಯ ಕಿರಿಯ ಮಗ, ನನ್ನ ಅಮ್ಮನ ತಮ್ಮ. ಮೀಸೆ ಮೂಡುವ ಮೊದಲೇ ಕಾರ್ಕಳದ ಕಡೆಯಿಂದ ರೈಲು ಹತ್ತಿ ದೆಹಲಿಗೆ ಬಂದು, ಅಪ್ಪನ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ ಇಡೀ ಅಡುಗೆಮನೆಯ ಯಜಮಾನನಾದವನು. ಮದುವೆಯಾಗಲಿಲ್ಲ. ರಜೆಯ ದಿನ ಅವನಿಗೆ ಒಂದೇ ಹುಚ್ಚು: ತನ್ನ ಹಳೆಯ ಜಿಪ್ಸಿ ಜೀಪು ಹತ್ತಿ ಗುರುಗ್ರಾಮದಾಚೆಯ ಅರಾವಳಿ ಗುಡ್ಡಗಳ ನಡುವೆ, ಕೆಲಸ ನಿಲ್ಲಿಸಿದ ಒಂದು ಕಲ್ಲುಕ್ವಾರಿಯಲ್ಲಿ, ರಸ್ತೆಯೇ ಇಲ್ಲದ ಕಡೆ ಗಾಡಿ ಹತ್ತಿಸಿ ಇಳಿಸುವುದು. ಅಂಥ ಹುಚ್ಚಿನವರದೇ ಒಂದು ಗುಂಪಿತ್ತು. ಮಳೆಗಾಲದ ಕೊನೆಯಲ್ಲಿ, ಒಂದು ಏರಿನ ನಡುವೆ, ನೆನೆದ ಅಂಚು ಅವನ ಚಕ್ರದಡಿಯಿಂದ ಜಾರಿತು. ಜಿಪ್ಸಿ ಉರುಳುತ್ತಾ ತಳ ಸೇರಿತು. ಮಾಮ ಅಲ್ಲೇ ತೀರಿಕೊಂಡ.

ನಮ್ಮಲ್ಲಿ ಹದಿನಾರನೆಯ ದಿನ ಸತ್ತವರನ್ನು ಮನೆಯೊಳಗೆ ಕರೆಯುತ್ತಾರೆ. ಹೊಸಿಲಲ್ಲಿ ನಿಂತು ಹೆಸರು ಹಿಡಿದು ಕರೆದು, ಒಳಗೆ ಎಲೆ ಬಡಿಸಿ, ಪಕ್ಕದಲ್ಲಿ ಲೋಟದ ತುಂಬ ನೀರಿಟ್ಟು, ಎಲ್ಲರೂ ಹೊರಬಂದು ಬಾಗಿಲು ಎಳೆದುಕೊಳ್ಳಬೇಕು. ಅವರು ಉಂಡ ಮೇಲೆಯೇ ಮನೆಯವರ ಊಟ. ಊರಿಂದ ಬಂದ ಅಜ್ಜಿ ತಾನೇ ಕರೆದಳು, ತಾನೇ ಬಡಿಸಿದಳು. ಬಾಗಿಲು ತೆಗೆದಾಗ ಲೋಟದ ನೀರು ಅಂಚಿನವರೆಗೆ ಹಾಗೇ ಇತ್ತು. ಅಜ್ಜಿ ಬಗ್ಗಿ, ಲೋಟದ ಮಟ್ಟಕ್ಕೆ ಕಣ್ಣಿಟ್ಟು ನೋಡಿದಳು.

"ಒಂದು ಗುಟುಕೂ ಮುಟ್ಟಲಿಲ್ಲ ಇವ. ಬರಲೇ ಇಲ್ಲ."

"ಅತ್ತೇ, ನೀರು ಎಲ್ಲಿಗೆ ಹೋಗ್ತದೆ?" ಅಪ್ಪ ಮೆಲ್ಲಗೆ ಹೇಳಿದರು.

"ನಿನ್ನ ಮಾವ ಸತ್ತಾಗ ಹೋಗಿತ್ತು, ಜಯಾನಂದ."

ಅಂದಿನಿಂದ ಬಾಗಿಲು ಮುಚ್ಚಲಿಲ್ಲ. ಊರಿಗೆ ಹೋಗುವ ಮಾತೂ ನಿಂತಿತು. ಚಳಿ ಏರಿದ ಹಾಗೆ ಅಜ್ಜಿಗೆ ಕೆಮ್ಮು ಹತ್ತಿತು, ಎದೆಯಲ್ಲಿ ಕಫ ಕಟ್ಟಿತು. ಡಾಕ್ಟರು, "ಈ ಗಾಳಿಯಲ್ಲಿ ಕೂರಿಸಿದರೆ ಇವರನ್ನು ಉಳಿಸಿಕೊಳ್ಳುವುದು ಕಷ್ಟ" ಎಂದರು. ಅಮ್ಮ ಬೇಡಿಕೊಂಡಳು. ಅಪ್ಪ ಒಂದು ಸಂಜೆ ಸಿಟ್ಟಿನಿಂದ ಬಾಗಿಲು ಹಾಕಿಯೇಬಿಟ್ಟರು. ಅಜ್ಜಿ ಎದ್ದು, ಬಾಗಿಲು ತೆಗೆದು, ಕುರ್ಚಿಯನ್ನು ಹೊಸಿಲಾಚೆಗೆ ಎಳೆದುಕೊಂಡು ಕೂತಳು. ಆಮೇಲೆ ಯಾರೂ ಆ ಧೈರ್ಯ ಮಾಡಲಿಲ್ಲ.

ನನಗೆ ನೆನಪಾದದ್ದು ಕತೆ. ಹತ್ತು ವರ್ಷದವರೆಗೆ ನಾನು ಅಜ್ಜಿಯ ಬಳಿಯೇ ಬೆಳೆದವಳು. ಅವಳು ಕತೆ ಹೇಳದೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಅದರಲ್ಲೊಬ್ಬ ಅಂಬಿಗನಿದ್ದ. ನಡುಹೊಳೆಯಲ್ಲಿ ದೋಣಿ ಒಡೆದು ಸತ್ತವನು, ಮನೆಯವರು ಎಷ್ಟು ಕರೆದರೂ ಒಳಗೆ ಬರಲಿಲ್ಲವಂತೆ. ಕನಸಿನಲ್ಲಿ ಕಾಣಿಸಿಕೊಂಡು, "ದೋಣಿ ದಡ ಮುಟ್ಟಿಸದೆ ಹೇಗೆ ಇಳಿಯಲಿ?" ಎಂದನಂತೆ. ಅವನ ಅಕ್ಕನ ಮಗಳು ಒಡೆದ ಹಲಗೆಗಳನ್ನೆಲ್ಲ ಹುಡುಕಿ, ಹಗ್ಗದಲ್ಲಿ ಹೊಲಿದು, ತಾನೇ ಹುಟ್ಟು ಹಾಕಿ ದಡಕ್ಕೆ ತಂದಳಂತೆ.

"ಅಜ್ಜೀ, ಮಾಮನ ಗಾಡಿ ಸರಿ ಮಾಡಿ ಆ ಏರು ಹತ್ತಿಸಿದರೆ?" ಕುರ್ಚಿಯ ಪಕ್ಕ ನೆಲದಲ್ಲಿ ಕೂತು ಕೇಳಿದೆ.

ಅಜ್ಜಿ ನನ್ನ ಗದ್ದ ಎತ್ತಿ ಹಿಡಿದಳು. "ನಿನಗೆ ಬರ್ತದಾ ಮಗಾ?"

"ಮಾಮನೇ ಕಲಿಸಿದ್ದು."

ಅಪ್ಪ ಒಪ್ಪಲಿಲ್ಲ. "ಎಂ.ಎ. ಓದುವ ಹುಡುಗಿ, ಅಜ್ಜಿಕತೆ ಹಿಡ್ಕೊಂಡು ಗ್ಯಾರೇಜಿಗೆ ಹೋಗ್ತಾಳಂತೆ! ಅದನ್ನು ಗುಜರಿಗೆ ಹಾಕೋದು ಅಂತ ಆಗಿದೆ. ಆ ಗಾಡಿಯ ಮುಖ ನೋಡಲಿಕ್ಕೆ ನನ್ನಿಂದ ಆಗೋದಿಲ್ಲ."

"ನೀನು ನೋಡಬೇಡ," ಅಜ್ಜಿ ಬಾಗಿಲ ಕಡೆಯಿಂದಲೇ ಹೇಳಿದಳು. "ನಮ್ಮಲ್ಲಿ ಸೋದರಮಾವನಿಗೆ ವಾರಸು ಅಕ್ಕನ ಮಕ್ಕಳು. ಗಾಡಿ ಅವಳದ್ದು." ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಬಂತು. ಅಪ್ಪ ಆ ಕೆಮ್ಮು ನಿಲ್ಲುವವರೆಗೆ ಕಾದರು. ಆಮೇಲೆ ಕೀಲಿಕೈ ತಂದು ನನ್ನ ಮುಂದಿಟ್ಟರು.

ಜಿಪ್ಸಿ ಸೋಹ್ನಾ ರಸ್ತೆಯಲ್ಲಿ ಸತ್‌ಬೀರನ ಗ್ಯಾರೇಜಿನ ಹಿಂದೆ ಬಿದ್ದಿತ್ತು. ಮೇಲಿನ ಕ್ಯಾನ್ವಾಸು ಹರಿದು, ಕಬ್ಬಿಣದ ಕಮಾನು ಸೀಟಿನವರೆಗೆ ಬಗ್ಗಿ, ಎಡಗಡೆಯ ಚಕ್ರ ಮುರಿದ ಕಾಲಿನ ಹಾಗೆ ಒಳಗೆ ಮಡಿಚಿಕೊಂಡಿತ್ತು. ಚಾಲಕನ ಸೀಟಿನ ಮೇಲೆ ಬೇವಿನ ಎಲೆ ಉದುರಿ ಒಣಗಿತ್ತು. ನಾನು ಅದನ್ನು ಗುಡಿಸಲಿಲ್ಲ.

"ಬಿಟಿಯಾ, ಇದರ ಕತೆ ಖತಂ," ಎಂದ ಸತ್‌ಬೀರ್. ದೊಡ್ಡ ಗಂಟಲಿನ ಹರಿಯಾಣದ ಗಂಡಸು. ತಾನು ಕೈ ಹಾಕಿದ ಗಾಡಿ ಹಿಮಾಲಯಕ್ಕೆ ಹೋಗಿ ಬಂದಿದೆ ಎಂದು ಬಂದವರಿಗೆಲ್ಲ ಹೇಳುವವನು. "ಇಂಜಿನ್ ಬದುಕಿದೆ, ಸರಿ. ಆದರೆ ಬೆನ್ನುಮೂಳೆ ತಿರುಚಿದೆ."

ಬೆನ್ನುಮೂಳೆ ಎಂದರೆ ಚಾಸಿ, ಗಾಡಿಯ ಅಡಿಯ ಏಣಿಯಂಥ ಕಬ್ಬಿಣ. ಮೇಲಿನ ಬಾಡಿಯನ್ನು ಎತ್ತಿಟ್ಟು, ಚಾಸಿಯ ಮೂಲೆಯಿಂದ ಮೂಲೆಗೆ ದಾರ ಹಿಡಿದು ನೋಡಿದೆವು. ಒಂದು ದಾರ ಇನ್ನೊಂದಕ್ಕಿಂತ ಅಂಗೈಯಷ್ಟು ಉದ್ದ. ಸತ್‌ಬೀರ್ ಗ್ಯಾಸಿನಲ್ಲಿ ಕಾಯಿಸಿ, ಸರಪಳಿ ಬಿಗಿದು ಎಳೆದ. ಎಳೆತಕ್ಕೆ ಕಬ್ಬಿಣ ನೇರವಾಯಿತು, ಆದರೆ ಅತಿಯಾಗಿ ಕಾಯಿಸಿದ ಕಡೆ ಸೀಳಿತು. ಅವನು ಸರಪಳಿ ನೆಲಕ್ಕೆ ಎಸೆದು ಯಾರನ್ನೋ ಬೈದ. ಬೈಯಲು ಅಲ್ಲಿ ಬೇರೆ ಯಾರೂ ಇರಲಿಲ್ಲ, ನಾನೊಬ್ಬಳೇ. ಮಾಯಾಪುರಿಯ ಗುಜರಿ ಅಂಗಡಿಗಳಲ್ಲಿ ಅಲೆದು, ಇನ್ನೊಂದು ಜಿಪ್ಸಿಯ ಚಾಸಿಯಿಂದ ಕತ್ತರಿಸಿದ ತುಂಡು ತಂದು, ಸೀಳಿದಲ್ಲಿ ಕೂರಿಸಿ ಬೆಸುಗೆ ಹಾಕಿದೆವು. ಕತೆಯಲ್ಲಿ ಹಲಗೆ ಹುಡುಕಿದ ಅಕ್ಕನ ಮಗಳು ನನಗೆ ಆ ಅಂಗಡಿಗಳ ನಡುವೆ ಅಲ್ಲಲ್ಲಿ ಕಾಣುತ್ತಿದ್ದಳು, ಒದ್ದೆ ಸೀರೆಯಲ್ಲಿ. ಅವಳ ಹೊಳೆಯಲ್ಲಿ ಇಷ್ಟು ಎಣ್ಣೆ ಇದ್ದಿರಲಾರದು.

ಕ್ಲಾಸು ಮುಗಿಸಿ ಮೆಟ್ರೋ ಹಿಡಿದು ಹೋಗುವುದು, ಕೈ ಕಪ್ಪು ಮಾಡಿಕೊಂಡು ಬರುವುದು. ಬಂದ ಕೂಡಲೆ ಅಜ್ಜಿ ನನ್ನ ಕೈಯನ್ನು ಮೂಸುತ್ತಿದ್ದಳು. "ಎಲ್ಲಿಗೆ ಬಂತು?" "ಕಮಾನು ಕೂತಿತು ಅಜ್ಜಿ." "ಎಲ್ಲಿಗೆ ಬಂತು?" "ಬ್ರೇಕು ಹಿಡಿತದೆ." ಪ್ರತಿ ಸಲವೂ ಕೈ ಮೂಸುವುದು ನಿಧಾನವಾಗುತ್ತಿತ್ತು, ಉಸಿರು ಸಾಲದೆ.

ಜನವರಿಯ ಕೊನೆಗೆ ಬಾನೆಟ್ಟು ಕೂರಿಸುವುದೊಂದು ಉಳಿಯಿತು. ಹಳೆಯದು ಜಜ್ಜಿಹೋಗಿದ್ದರಿಂದ ಬೇರೆ ತಂದಾಗಿತ್ತು. ನಯವಾದ, ಹೊಳೆಯುವ ಬಾನೆಟ್ಟು. ಹಳೆಯದನ್ನು ಸತ್‌ಬೀರ್ ಬ್ಯಾಟರಿಗಳ ಮೇಲೆ ಇಬ್ಬನಿ ಬೀಳದ ಹಾಗೆ ಮುಚ್ಚಿದ್ದ. ಹೊಸದಕ್ಕೆ ಅದರ ಕೊಂಡಿಯೇ ಬೇಕಾಗಿ ನಾನು ಅದನ್ನು ಎಳೆದು, ಧೂಳು ಒರೆಸಿದೆ.

ಬಣ್ಣದಲ್ಲಿ ಒಂದು ಉಂಗುರವಿತ್ತು. ಬಲಗಡೆಗೆ, ಚಾಲಕ ಇಳಿದು ನಿಂತರೆ ಕೈಗೆ ಸಿಗುವ ಕಡೆ. ತಟ್ಟೆಯ ಬುಡದಷ್ಟು ಅಗಲ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಸ್ಟೀಲಿನ ತಟ್ಟೆ ಇಟ್ಟು ಎತ್ತಿ, ಇಟ್ಟು ಎತ್ತಿ, ಬಣ್ಣ ಸವೆದು ಕಬ್ಬಿಣ ಕಂಡಿತ್ತು.

ನಾನು ಅಲ್ಲೇ ನೆಲದಲ್ಲಿ ಕೂತುಬಿಟ್ಟೆ. ಹೋಟೆಲಿನ ಹಿಂದಿನ ಗಲ್ಲಿ ಕಣ್ಣ ಮುಂದೆ ಬಂತು. ಗಿರಾಕಿಗಳು ಉಂಡು, ಅಪ್ಪ ಉಂಡು, ಹುಡುಗರೆಲ್ಲ ಉಂಡ ಮೇಲೆ ಮಾಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ: "ಎಲ್ಲರದೂ ಆಯ್ತಾ?" ಆಯ್ತು ಎಂದ ಮೇಲೆಯೇ ಒಂದು ತಟ್ಟೆ ಹಿಡಿದು ಗಲ್ಲಿಗೆ ಬರುವನು. ಮಾರ್ಕೆಟ್ಟಿಂದ ಸಾಮಾನು ತಂದ ಜಿಪ್ಸಿಯ ಬಾನೆಟ್ಟು ಇನ್ನೂ ಬಿಸಿ ಇರುತ್ತಿತ್ತು. "ನೋಡು ಶ್ರಾವ್ಯಾ, ನನ್ನದು ಓಡುವ ತವಾ" ಎಂದು, ತಟ್ಟೆ ಅದರ ಮೇಲಿಟ್ಟು, ನಿಂತೇ ಉಣ್ಣುವನು. ಕ್ವಾರಿಯಲ್ಲೂ ಹಾಗೇ. ಎಲ್ಲರಿಗೂ ಬಡಿಸಿ, ಕೊನೆಗೆ ತಾನು.

ನಾವೋ, ಅವನನ್ನು ಎಲ್ಲರಿಗಿಂತ ಮೊದಲು ಕರೆದೆವು. ಹಸಿದ ಮನೆಯವರನ್ನೆಲ್ಲ ಹೊರಗೆ ನಿಲ್ಲಿಸಿ, ಒಬ್ಬನನ್ನೇ ನೆಲದಲ್ಲಿ ಕೂತು ಉಣ್ಣು ಎಂದೆವು.

"ಇದನ್ನೇ ಹಾಕೋಣ," ಸತ್‌ಬೀರನಿಗೆ ಹೇಳಿದೆ.

"ಈ ಹಪ್ಪಳವನ್ನಾ? ಹೊಸದು ಅಲ್ಲಿ ನಗ್ತಾ ಕೂತಿದೆ!"

"ಬಡಿದು ನೇರ ಮಾಡಿ ಭಯ್ಯಾ. ಈ ಉಂಗುರಕ್ಕೆ ಮಾತ್ರ ಸುತ್ತಿಗೆ ತಾಗಬಾರದು. ಬಣ್ಣವೂ ಬೇಡ."

ಅವನು ಬಗ್ಗಿ ಉಂಗುರ ನೋಡಿ, ಹೊಸ ಬಾನೆಟ್ಟನ್ನು ಪಕ್ಕಕ್ಕೆ ಸರಿಸಿದ. ಅವನೂ ಮಾಮನ ಕೈಯಿಂದ ಉಂಡವನೇ.

ಮನೆಯಲ್ಲಿ ಉಂಗುರದ ವಿಷಯ ಹೇಳಿದಾಗ ಮೊದಲು ಬಾಯಿಬಿಟ್ಟವರು ಅಪ್ಪ. "ಹೌದಲ್ಲ ಮಾರಾಯ್ತಿ," ಎಂದರು. "ಇಷ್ಟು ವರ್ಷದಲ್ಲಿ ಒಂದು ದಿನವೂ ನನಗಿಂತ ಮೊದಲು ಉಂಡವನಲ್ಲ. 'ನೀವು ಮುಗಿಸಿ ಬಾವ, ನನಗೆ ಹಸಿವಿಲ್ಲ.' ದಿನಾ ಅದೇ ಸುಳ್ಳು."

ಅಜ್ಜಿ ಬಾಗಿಲಿನಿಂದ ಕಣ್ಣು ತೆಗೆದು ನಮ್ಮ ಕಡೆ ತಿರುಗಿದಳು. "ಚಿಕ್ಕವನಿದ್ದಾಗ ಎಲ್ಲರಿಗಿಂತ ಮೊದಲು ಎಲೆ ಹಾಕಿ ಕೂರ್ತಿದ್ದ," ಎಂದಳು. "ಅಕ್ಕನ ಪಾಲಿನ ಹಪ್ಪಳವೂ ಅವನಿಗೇ ಬೇಕು. ನಾನು ಆ ತಿಲಕನನ್ನು ಕರೆದದ್ದು. ದೆಹಲಿಗೆ ಬಂದ ಇವನು ಹೇಗೆ ಉಣ್ತಾನೆ ಅಂತ ನನಗೆ ಗೊತ್ತೇ ಇಲ್ಲ ಮಗಾ."

ಅಮ್ಮ ಒಳಗೆ ಹೋಗಿ ನಲ್ಲಿ ಬಿಟ್ಟಳು. ನೀರು ಸುಮ್ಮನೆ ಹರಿಯುವುದು ಕೇಳಿಸುತ್ತಿತ್ತು.

ಮಂಜು ಹರಿದ ಮೇಲೆ, ಫೆಬ್ರವರಿಯ ಒಂದು ಭಾನುವಾರ ಕ್ವಾರಿಗೆ ಹೋದೆವು. ಗುಂಪಿನವರು ತಮ್ಮ ಗಾಡಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ಅಪ್ಪ ಬೆಳಗ್ಗೆಯೇ ಸುತ್ತುದಾರಿಯಿಂದ ಬಂದು ಏರಿನ ತುದಿಯ ಬಯಲಲ್ಲಿ ಒಲೆ ಹೂಡಿದ್ದರು. ಅಜ್ಜಿಯನ್ನು ಕಂಬಳಿ ಹೊದಿಸಿ, ಅಲ್ಲೇ ಅದೇ ಕುರ್ಚಿಯಲ್ಲಿ ಕೂರಿಸಿದ್ದೆವು. ಅವಳು ಬಯಲಿನ ಅಂಚಿನಿಂದ ಕೆಳಗೆ ನೋಡುತ್ತಿದ್ದಳು, ಹೊಳೆ ನೋಡುವವಳ ಹಾಗೆ.

ದಾರಿ ತೋರಿಸಲು ನನ್ನ ಗಾಡಿಯ ಮುಂದೆ ಕಾಲ್ನಡೆಯಲ್ಲಿ ಹೊರಟವನು ಶ್ರೇಯಸ್. ಗುರುಗ್ರಾಮದ ಯಾವುದೋ ಆಫೀಸಿನಲ್ಲಿ ಕೆಲಸ ಮಾಡುವ ಶಿವಮೊಗ್ಗದ ಹುಡುಗ. ಮಾಮ ಉರುಳಿದ ದಿನ ಮುಂದಿನ ಗಾಡಿ ಇವನದಾಗಿತ್ತು.

"ಕನ್ನಡಿ ನೋಡಬೇಡಿ. ನನ್ನ ಕೈ ನೋಡಿ," ಎಂದ.

ನಾಲ್ಕೂ ಚಕ್ರಕ್ಕೆ ಬಲ ಹೋಗುವ ಚಿಕ್ಕ ಗೇರಿಗೆ ಹಾಕಿ, ಏರಿಗೆ ಮೂತಿ ಕೊಟ್ಟೆ. ಕುಸಿದಿದ್ದ ಅಂಚನ್ನು ಕಲ್ಲು ತುಂಬಿ ಗಟ್ಟಿ ಮಾಡಿದ್ದರೂ, ಅಲ್ಲಿಗೆ ಬಂದಾಗ ಎಡ ಹಿಂಚಕ್ರ ಜಾರಿತು. ಇಡೀ ಗಾಡಿ ಒಂದು ಉಸಿರಿನಷ್ಟು ಹೊತ್ತು ಹೊರಗೆ ವಾಲಿತು. ಮೇಲೆ ಅಮ್ಮ ಕೂಗಿದ್ದು ಕೇಳಿಸಿತು.

ಜಾರಿದಾಗ ಬ್ರೇಕು ತುಳಿಯಬಾರದು, ಸ್ಟಿಯರಿಂಗು ತಿರುವಬಾರದು, ಗಾಡಿಗೆ ತನ್ನ ಕಾಲು ಹುಡುಕಿಕೊಳ್ಳಲು ಬಿಡಬೇಕು ಎಂದು ಮಾಮ ಹೇಳಿಕೊಟ್ಟಿದ್ದ. ಅವನೂ ಹಾಗೇ ಬಿಟ್ಟಿರಬೇಕು, ಆ ದಿನ. ನಾನು ಬಿಟ್ಟೆ. ಬೆಸುಗೆ ಹಾಕಿದ ಕಡೆ ಕಬ್ಬಿಣ ಒಮ್ಮೆ ನರಳಿತು. ಚಕ್ರ ಸುತ್ತಿತು, ಕಲ್ಲು ಹಿಡಿಯಿತು. ಬಾನೆಟ್ಟು ಎದ್ದು ಆಕಾಶ ಮುಚ್ಚಿತು, ಮತ್ತೆ ಇಳಿಯಿತು. ಎದುರಿಗೆ ಬಯಲು, ಒಲೆಯ ಹೊಗೆ, ಕುರ್ಚಿ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಶ್ರೇಯಸ್ ಅಲ್ಲೇ ಕಲ್ಲಿನ ಮೇಲೆ ಕೂತು ಮುಖ ಮುಚ್ಚಿಕೊಂಡ.

ಅಪ್ಪ ಬಡಿಸಿದರು. ಮಾಮನ ಸಾರು, ಮಾಮನ ತೆಂಗಿನಕಾಯಿ ಗಸಿ, ಗುಂಪಿನ ಪಂಜಾಬಿಗಳಿಗೂ ಜಾಟರಿಗೂ ಅವನೇ ರುಚಿ ಹತ್ತಿಸಿದ್ದ ನೀರುದೋಸೆ. ಎಲ್ಲರೂ ಉಂಡರು. ಸತ್‌ಬೀರ್ ಎರಡನೇ ಸಲ ಹಾಕಿಸಿಕೊಂಡ. ಅಮ್ಮ ಉಂಡಳು, ಅಪ್ಪ ಉಂಡರು, ನಾನು ಉಂಡೆ. ಅಜ್ಜಿ, ಹದಿನಾರನೆಯ ದಿನದಿಂದ ತುತ್ತು ಲೆಕ್ಕ ಹಾಕಿ ಉಣ್ಣುತ್ತಿದ್ದವಳು, ಎಲೆ ಖಾಲಿ ಮಾಡಿ ಕೈ ತೊಳೆದಳು.

ಆಮೇಲೆ ಎದ್ದು, ನನ್ನ ತೋಳು ಹಿಡಿದು, ಜಿಪ್ಸಿಯ ಬಲಗಡೆಗೆ ಬಂದಳು. ಬಾನೆಟ್ಟು ಇನ್ನೂ ಬೆಚ್ಚಗಿತ್ತು. ಉಂಗುರವನ್ನು ಬೆರಳಿನಿಂದ ಒಂದು ಸುತ್ತು ಮುಟ್ಟಿ ನೋಡಿದಳು. ಅದರ ಮೇಲೆ ಎಲೆ ಹಾಸಿ, ಬಡಿಸಿ, ಪಕ್ಕಕ್ಕೆ ಲೋಟದ ತುಂಬ ನೀರಿಟ್ಟಳು.

ಮುಚ್ಚಲು ಅಲ್ಲಿ ಬಾಗಿಲಿರಲಿಲ್ಲ. ನಾವೆಲ್ಲ ಗಾಡಿಗೆ ಬೆನ್ನು ಹಾಕಿ ನಿಂತೆವು; ನಮ್ಮ ಭಾಷೆ ತಿಳಿಯದ ಗುಂಪಿನವರೂ ನಮ್ಮನ್ನು ನೋಡಿ ತಿರುಗಿ ನಿಂತರು.

ಅಜ್ಜಿಯ ದನಿ ಕಫದಿಂದ ಒಡೆದಿತ್ತು.

"ತಿಲಕಾ, ಎಲ್ಲರದೂ ಆಯ್ತು. ಬಾ."

ಗುಡ್ಡದ ಗಾಳಿ ಎಲೆಯ ಅಂಚನ್ನು ಅಲುಗಿಸುವುದು ಕೇಳಿಸಿತು. ತಣಿಯುತ್ತಿದ್ದ ಇಂಜಿನ್ನು ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನುತ್ತಿತ್ತು.

ತಿರುಗಿದಾಗ ನಾನು ಲೋಟ ನೋಡಲು ಬಗ್ಗಿದೆ. ಅಜ್ಜಿ ನನ್ನ ಭುಜ ಹಿಡಿದು ನಿಲ್ಲಿಸಿದಳು. "ಬೇಡ ಮಗಾ. ಉಣ್ಣುವವರ ಲೋಟಕ್ಕೆ ಇಣುಕಬಾರದು" ಎಂದು, ಆ ನೀರನ್ನು ತಾನೇ ಎತ್ತಿ ಕಲ್ಲಿನ ಬುಡಕ್ಕೆ ಸುರಿದಳು, ಉಂಡವರಿಗೆ ಕೈ ತೊಳೆಸುವ ಹಾಗೆ, ನಿಧಾನವಾಗಿ.

ಮನೆ ಮುಟ್ಟಿದಾಗ ಸಂಜೆ. ನಾವೆಲ್ಲ ಒಳಗೆ ಹೋದೆವು. ಅಜ್ಜಿ ಹೊಸಿಲಲ್ಲಿ ನಿಂತು, ಮೆಟ್ಟಿಲ ಕಡೆ ತಿರುಗಿ, ಯಾರಿಗೋ ದಾರಿ ಬಿಡುವವಳಂತೆ ಸ್ವಲ್ಪ ಪಕ್ಕಕ್ಕೆ ಸರಿದಳು. ಆಮೇಲೆ ತಾನು ಒಳಗೆ ಬಂದಳು.

"ಚಳಿ ಬರ್ತದೆ," ಎಂದು ಗೊಣಗಿ, ಚಿಲಕ ಹಾಕಿದಳು.