ಮೂವತ್ತಕ್ಕೆ ಇಪ್ಪತ್ತೆಂಟು

ಮೂವತ್ತೊಂದು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಟೀಚರಮ್ಮನಿಗೆ, ಮನೆಯಲ್ಲೇ ಒಬ್ಬರು ಪರೀಕ್ಷೆಗೆ ಕೂರುವವರಿದ್ದಾರೆ ಎಂದು ಗೊತ್ತಾದ ಮೇಲೂ ಸುಮ್ಮನಿರಿ ಎಂದರೆ ಹೇಗೆ ಇದ್ದಾರು? ಕೂರುವವರು ಅವರ ಗಂಡ. ಪರೀಕ್ಷೆ ನಡೆಸುವವರು ದೊಡ್ಡಾಸ್ಪತ್ರೆಯ ನೆನಪಿನ ವಿಭಾಗದವರು. ಸುದ್ದಿ ತಂದವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ತಂಗಿ.

"ಅಕ್ಕಾ, ಭಾವನಿಗೆ ಹೇಳಿ ಮಾಡಿಸಿದ ಹಾಗಿದೆ," ಎಂದು ಅವಳು ಫೋನಿನಲ್ಲಿ ಕೂಗಿದ್ದಳು. "ಆಲ್ಜೈಮರ್‌ಗೆ ಹೊಸ ಔಷಧಿ. ಇನ್ನೂ ಅಂಗಡಿಗೆ ಬಂದಿಲ್ಲ, ಪ್ರಯೋಗ ಮಾಡ್ತಿದಾರೆ. ಮೆದುಳಲ್ಲಿ ಕಟ್ಟಿಕೊಳ್ಳೋ ಪ್ರೋಟೀನನ್ನ ತೊಳೆದು ಹಾಕುತ್ತಂತೆ. ಕಾಯಿಲೆ ಈಗಷ್ಟೇ ಶುರುವಾದೋರಿಗೆ ಮಾತ್ರ. ನೆನಪಿನ ಪರೀಕ್ಷೆ ಮಾಡಿ ಆರಿಸ್ತಾರೆ."

ಇಷ್ಟುದ್ದದ ಮಾತಿನಲ್ಲಿ ಟೀಚರಮ್ಮನ ಕಿವಿಗೆ ಬಿದ್ದದ್ದು ಎರಡೇ: ಪರೀಕ್ಷೆ ಮತ್ತು ಆರಿಸ್ತಾರೆ. ಪರೀಕ್ಷೆ ಎಂದ ಮೇಲೆ ಹೆಚ್ಚು ಅಂಕ ಬಂದವರನ್ನು ಆರಿಸುತ್ತಾರೆ. ಇದರಲ್ಲಿ ಕೇಳುವುದೇನು ಬಂತು, ಮಣ್ಣು! ಅವರು ಕೇಳಲೂ ಇಲ್ಲ.

ಗಂಡ ಇಪ್ಪತ್ತೊಂಬತ್ತು ವರ್ಷ ಸಿಟಿ ಬಸ್ ಓಡಿಸಿದವರು. ಅದೂ ಒಂದೇ ದಾರಿಯಲ್ಲಿ, ಹದಿನಾಲ್ಕನೇ ನಂಬರ್. ಬೀದಿಯವರೆಲ್ಲ ಅವರನ್ನು ಕರೆಯುವುದೂ ಹದಿನಾಲ್ಕು ಎಂದೇ. ಕಳೆದೊಂದು ವರ್ಷದಿಂದ ಹದಿನಾಲ್ಕು ಆಗಾಗ ದಾರಿ ತಪ್ಪತೊಡಗಿತ್ತು. ಕೇಳಿದ್ದನ್ನೇ ಕೇಳುವುದು, ಗ್ಯಾಸ್ ಹೊತ್ತಿಸಿ ಮರೆಯುವುದು, ಕೊನೆಗೊಂದು ದಿನ ಕಟಿಂಗ್ ಶಾಪಿಗೆ ಹೋದವರು ಪಕ್ಕದ ಬೀದಿಯಲ್ಲಿ ಯಾರದೋ ಮನೆಯ ಜಗಲಿಯ ಮೇಲೆ ಪೆಚ್ಚುಮೋರೆ ಹಾಕಿಕೊಂಡು ಕೂತದ್ದು. ಸ್ಕ್ಯಾನ್ ಮಾಡಿದ ಡಾಕ್ಟರು ಕಾಯಿಲೆಯ ಹೆಸರು ಹೇಳಿದ ದಿನ ಟೀಚರಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತಿದ್ದರು. ಈ ಮನುಷ್ಯ ತಮ್ಮ ಕಣ್ಣೆದುರೇ ಒಂದೊಂದಾಗಿ ಎಲ್ಲವನ್ನೂ ಬಿಟ್ಟು ಹೋಗುವುದನ್ನು ನೋಡುವ ಧೈರ್ಯ ಅವರಿಗಿರಲಿಲ್ಲ. ಈಗ ಒಂದು ಪರೀಕ್ಷೆ ಪಾಸಾದರೆ ಸಾಕು ಎಂದರೆ, ಅಯ್ಯೋ, ಅದೆಷ್ಟರ ಮಾತು!

ಸ್ಕ್ಯಾನ್ ಮಾಡಿಸಿದ ದಿನ ಡಾಕ್ಟರು ಕೇಳಿದ್ದ ಪ್ರಶ್ನೆಗಳನ್ನೇ ಸಿಲಬಸ್ ಮಾಡಿಕೊಂಡು ನಲವತ್ತು ದಿನ ಕೋಚಿಂಗ್ ನಡೆಯಿತು. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ವಾರ, ತಾರೀಖು, ತಿಂಗಳು, ವರ್ಷ. ಹಲ್ಲುಜ್ಜಿದ ಮೇಲೆ ನೂರರಿಂದ ಏಳು ಕಳೆಯುತ್ತಾ ಹೋಗುವುದು. ಐದು ಪದ ಹೇಳಿ, ಐದು ನಿಮಿಷ ಬಿಟ್ಟು ಕೇಳುವುದು. ಈ ಐದು ಪದಗಳಲ್ಲೇ ಡ್ರೈವರು ಮುಗ್ಗರಿಸುತ್ತಿದ್ದರು.

"ನನ್ನ ಕೈಲಾಗಲ್ಲ ಕಣೇ, ಬಿಟ್ಟುಬಿಡು."

"ಕೈಲಾಗಲ್ಲ ಅಂದೋರನ್ನೆಲ್ಲ ಪಾಸು ಮಾಡ್ಸಿದೀನಿ ನಾನು. ನಿಮ್ಮ ಬಸ್ಸಿನ ಮೊದಲನೇ ಸ್ಟಾಪ್ ಯಾವುದು ಹೇಳಿ."

"ನೀರಿನ ಟ್ಯಾಂಕು. ಆಮೇಲೆ ಹಳೇ ಜೈಲು, ಹೆರಿಗೆ ಆಸ್ಪತ್ರೆ, ಮರದ ಡಿಪೋ, ಮೀನು ಮಾರ್ಕೆಟ್ಟು." ತಡವರಿಕೆಯೇ ಇಲ್ಲ.

"ಹಾಗಾದ್ರೆ ಟ್ಯಾಂಕಿನ ಹತ್ರ ಮೊದಲನೇ ಪದ ಹತ್ತಿಸ್ಕೊಳ್ಳಿ, ಜೈಲಿನ ಹತ್ರ ಎರಡನೇದು. ಯಾರನ್ನೂ ಬಿಟ್ಟು ಬರಬೇಡಿ."

ಡ್ರೈವರು ಬಿಡಲಿಲ್ಲ. ಪರೀಕ್ಷೆಯ ದಿನ ನೆನಪಿನ ವಿಭಾಗದ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು ಕತ್ತರಿ, ನಿಂಬೆಹಣ್ಣು, ಕುದುರೆ, ಕುರ್ಚಿ, ಹಗ್ಗ ಎಂದರು. ಡ್ರೈವರು ಐದನ್ನೂ ಬಸ್ಸಿಗೆ ಹತ್ತಿಸಿಕೊಂಡು ಐದು ನಿಮಿಷದ ಮೇಲೆ ಒಂದೂ ಬಿಡದಂತೆ ಇಳಿಸಿದರು. ಏಳು ಕಳೆಯುವುದರಲ್ಲಿ ಎರಡು ಅಂಕ ಹೋಯಿತು, ಅಷ್ಟೇ.

"ಮೂವತ್ತಕ್ಕೆ ಇಪ್ಪತ್ತೆಂಟು," ಎಂದರು ಡಾಕ್ಟರು, ಟೀಚರಮ್ಮನನ್ನು ಒಬ್ಬರನ್ನೇ ಒಳಗೆ ಕರೆದು. ಟೀಚರಮ್ಮನ ಮುಖ ಊರಗಲವಾಯಿತು. "ತುಂಬ ಚೆನ್ನಾಗಿದೆ. ಹಾಗಾಗಿ ಇವರನ್ನ ತಗೊಳ್ಳೋಕಾಗಲ್ಲಮ್ಮ. ಇಪ್ಪತ್ತರಿಂದ ಇಪ್ಪತ್ತಾರರ ಒಳಗಿರೋರನ್ನ ಮಾತ್ರ ತಗೊಳ್ತೀವಿ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರಂತೆ, ಹಾಗಾಯಿತು ಟೀಚರಮ್ಮನ ಕತೆ. ಕಾಪಿ ಹೊಡೆದು ಸಿಕ್ಕಿಬಿದ್ದವರ ದನಿಯಲ್ಲಿ, "ನಾನೇ ಹೇಳ್ಕೊಟ್ಟೆ ಡಾಕ್ಟ್ರೇ. ನಲವತ್ತು ದಿನ," ಎಂದರು.

ಡಾಕ್ಟರು ಪೆನ್ನು ಕೆಳಗಿಟ್ಟರು. ನಗಬೇಕೋ ಬಯ್ಯಬೇಕೋ ಅವರಿಗೆ ಗೊತ್ತಾಗಲಿಲ್ಲ. "ಹೀಗೆಲ್ಲ ಮಾಡಿದ್ರೆ ಔಷಧಿ ಕೆಲಸ ಮಾಡ್ತೋ ನೀವು ಮಾಡಿದ್ರೋ ಅಂತ ನಮಗೆ ಹೇಗಮ್ಮ ಗೊತ್ತಾಗೋದು? ಆರು ತಿಂಗಳು ಬಿಟ್ಟು ಬನ್ನಿ. ಬೇರೆ ಪ್ರಶ್ನೆ ಕೇಳ್ತೀವಿ. ಅಲ್ಲೀವರೆಗೂ ಪರೀಕ್ಷೇಲಿ ಬರೋದು ಯಾವುದನ್ನೂ ಹೇಳ್ಕೊಡಬೇಡಿ. ಮನೇಲಿ ಏನೇನು ಬದಲಾಗ್ತಿದೆ ಅಂತ ಈ ನೋಟ್‌ಬುಕ್ಕಲ್ಲಿ ಬರೀತಾ ಬನ್ನಿ, ಸಾಕು."

ಹೊರಗೆ ಬೆಂಚಿನ ಮೇಲೆ ಡ್ರೈವರು ಕಾಯುತ್ತಿದ್ದರು. "ಹೇಗಾಯ್ತೇ?"

"ಆಯ್ತು ಬಿಡಿ. ಮುಂದಿನ ಸಲ ನೋಡೋಣ," ಎಂದರು ಟೀಚರಮ್ಮ, ಮುಖ ಗಂಟು ಹಾಕಿಕೊಂಡು. ಸಿಟ್ಟು ತಮ್ಮ ಮೇಲೆಯೇ. ಆದರೆ ಮುಖ ನೋಡಿದವರಿಗೆ ಅದು ಹೇಗೆ ತಿಳಿಯಬೇಕು?

ಆವತ್ತಿನಿಂದ ಟೀಚರಮ್ಮನ ವ್ರತ ಶುರುವಾಯಿತು. ಡಾಕ್ಟರು ಹೇಳಿದ್ದು ಪರೀಕ್ಷೆಗೆಂದು ತಯಾರು ಮಾಡಬೇಡಿ ಎಂದು. ಟೀಚರಮ್ಮ ತಿಳಿದದ್ದು ಸಿಲಬಸ್ಸಿನಲ್ಲಿರುವ ಒಂದಕ್ಷರವೂ ಬಾಯಿಂದ ಬೀಳಕೂಡದು ಎಂದು. ವಾರ, ತಾರೀಖು ಸಿಲಬಸ್ಸಿನಲ್ಲಿದೆ. ಹಾಗಾಗಿ ಕ್ಯಾಲೆಂಡರು ಗೋಡೆಯಿಂದಿಳಿದು ಬೀರು ಸೇರಿತು. ಪೇಪರು ನಿಂತಿತು. ಬೆಳಿಗ್ಗೆ ಡ್ರೈವರು, "ಇವತ್ತು ಯಾವ ವಾರವೇ?" ಎಂದರೆ ಟೀಚರಮ್ಮ ತರಕಾರಿ ಹೆಚ್ಚುತ್ತಾ, "ನೀವೇ ಯೋಚ್ನೆ ಮಾಡಿ," ಎನ್ನುವರು. ಡ್ರೈವರು ಯೋಚನೆ ಮಾಡುತ್ತಾ ಊಟದ ಮೇಜಿಗೆ ಮೂರು ಸುತ್ತು ಬಂದು ಮತ್ತೆ ಕೇಳುವರು. "ಯೋಚ್ನೆ ಮಾಡಿ." ಒಂದು ಭಾನುವಾರ ಇಸ್ತ್ರಿ ಶರ್ಟು ತೊಟ್ಟು, ಪೆನ್ಷನ್ ಆಫೀಸಿಗೆಂದು ಹೊರಟು, ಬೀಗ ಹಾಕಿದ ಬಾಗಿಲು ನೋಡಿ ವಾಪಸು ಬಂದರು. ಟೀಚರಮ್ಮ ನಾಲಿಗೆ ಕಚ್ಚಿಕೊಂಡು ಹಿಂದಿನಿಂದಲೇ ಹೋಗಿ ಹಿಂದಿನಿಂದಲೇ ಬಂದರು.

ಯೋಚಿಸಿ ನೋಡಿದರೆ ಗಂಡ ಹೆಂಡತಿ ಆಡುವ ಮಾತೆಲ್ಲ ಸಿಲಬಸ್ಸಿನಲ್ಲೇ ಇತ್ತು. ನಿನ್ನೆ ಯಾರು ಬಂದಿದ್ದರು, ಬೆಳಿಗ್ಗೆ ಏನು ತಿಂದೆವು, ಪಕ್ಕದ ಮನೆಯವರ ಹೆಸರೇನು, ಎಲ್ಲ ಪ್ರಶ್ನೆಪತ್ರಿಕೆಯೇ. ಮನೆಯಲ್ಲಿ ಕುಕ್ಕರು, ಫ್ಯಾನು ಬಿಟ್ಟರೆ ಬೇರೆ ಸದ್ದಿರಲಿಲ್ಲ.

"ಅಕ್ಕಾ, ಭಾವ ತೀರಾ ಮಂಕಾಗಿದಾರಲ್ಲೇ," ಎಂದಳು ಒಮ್ಮೆ ಬಂದ ತಂಗಿ.

"ಆಗ್ಲಿ. ಇಪ್ಪತ್ತಾರಕ್ಕಿಂತ ಕೆಳಗಿಳೀಬೇಕಲ್ಲ."

"ಥೂ, ಏನು ಮಾತು ಅಂತ ಆಡ್ತೀಯ!"

ತಮ್ಮ ಬಾಯಿಂದ ಅದು ಬಂತಲ್ಲ ಎಂದು ಟೀಚರಮ್ಮ ಗಲ್ಲ ಗಲ್ಲ ಬಡಿದುಕೊಂಡರು. ಔಷಧಿ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎಂದು ತಮಗೆ ತಾವೇ ಹೇಳಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದರು. ಅಕ್ಷರ ಮುತ್ತು ಪೋಣಿಸಿದ ಹಾಗೆ. 'ಮಾತು ಕಡಿಮೆಯಾಗಿದೆ. ನನ್ನ ಮುಖ ನೋಡಲು ಹಿಂಜರಿಯುತ್ತಾರೆ. ಸ್ನಾನಕ್ಕೆ ಹೋದರೆ ಮುಕ್ಕಾಲು ಗಂಟೆ. ನಲ್ಲಿ ಬಿಟ್ಟುಕೊಂಡು ಒಳಗೆ ಒಬ್ಬರೇ ಏನೋ ಗೊಣಗುತ್ತಾರೆ.' ಈ ಕೊನೆಯ ಸಾಲನ್ನು ಆರು ತಿಂಗಳಲ್ಲಿ ಅದೆಷ್ಟು ಸಲ ಬರೆದರೋ.

ಎರಡನೇ ಪರೀಕ್ಷೆ ಮುಗಿಯಿತು. ಡಾಕ್ಟರು ಮತ್ತೆ ಟೀಚರಮ್ಮನನ್ನು ಒಳಗೆ ಕರೆದರು.

"ಇಪ್ಪತ್ತೆರಡು. ತಗೊಂಡಿದೀವಿ."

"ಅಬ್ಬಾ, ಬದುಕಿದೆ!" ಟೀಚರಮ್ಮ ಎರಡೂ ಕೈ ಜೋಡಿಸಿಬಿಟ್ಟರು. ಗಂಡನಿಗೆ ಆರು ಅಂಕ ಕಡಿಮೆ ಬಂತೆಂದು ಕುಣಿದಾಡುವ ಹೆಂಡತಿ ಆ ಕೋಣೆಯಲ್ಲಿ ಅವರೇ ಮೊದಲಿರಬೇಕು.

"ಒಂದು ವಿಷಯ ಕೇಳ್ಬೇಕು," ಎಂದರು ಡಾಕ್ಟರು. "ಐದು ಪದಕ್ಕೆ ಐದೂ ತಪ್ಪು, ಸೊನ್ನೆ. ಆದ್ರೆ ಸುಮ್ಮನೆ ಕೂರಲಿಲ್ಲ. ಕತ್ತರಿ, ನಿಂಬೆಹಣ್ಣು, ಕುದುರೆ, ಕುರ್ಚಿ, ಹಗ್ಗ ಅಂತ ಪಟಪಟ ಹೇಳಿದ್ರು. ಫೈಲ್ ತೆಗೆದು ನೋಡಿದ್ರೆ ಅದು ಹೋದ ಸಲದ ಪಟ್ಟಿ. ನೀವೇನಾದ್ರೂ..."

"ಇಲ್ಲ ಡಾಕ್ಟ್ರೇ, ಆಣೆ ಮಾಡಿ ಹೇಳ್ತೀನಿ, ಈ ಆರು ತಿಂಗಳು ಇವತ್ತು ಯಾವ ವಾರ ಅಂತಾನೂ ಹೇಳಿಲ್ಲ."

ಡಾಕ್ಟರು ತಲೆಯೆತ್ತಿ ಅವರನ್ನೇ ನೋಡಿದರು. "ವಾರ ಹೇಳ್ಬೇಡಿ ಅಂತ ನಾನು ಯಾವಾಗ ಅಂದೆ?" ಎಂದು ಕೇಳುವಂತೆ ಕಂಡರು, ಕೇಳಲಿಲ್ಲ. ಕಾಗದ ಮುಂದಿಟ್ಟು ವಿವರಿಸಿದರು. ತಿಂಗಳಿಗೊಂದು ಡ್ರಿಪ್. ಅರ್ಧ ಜನರಿಗೆ ಔಷಧಿ, ಅರ್ಧ ಜನರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಡಾಕ್ಟರಿಗೂ ತಿಳಿದಿರುವುದಿಲ್ಲ. ಔಷಧಿಯೇ ಸಿಕ್ಕರೂ ಕಾಯಿಲೆ ವಾಸಿಯಾಗುವುದಿಲ್ಲ, ನಿಧಾನವಾಗಬಹುದು, ಅದೂ ಬಹುದು. ಮೂರು ತಿಂಗಳಿಗೊಮ್ಮೆ ಇದೇ ಪರೀಕ್ಷೆ. ಜೊತೆಗಿರುವವರು ಉತ್ತರಕ್ಕೆ ಯಾವ ನೆರವನ್ನೂ ಕೊಡಕೂಡದು. ಟೀಚರಮ್ಮ ಎಲ್ಲಕ್ಕೂ ತಲೆಯಾಡಿಸಿ ಐದು ಕಡೆ ಸಹಿ ಹಾಕಿದರು.

ಹೊರಗೆ ಅದೇ ಬೆಂಚಿನ ಮೇಲೆ ಡ್ರೈವರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. "ಹೇಗಾಯ್ತೇ? ಐದಕ್ಕೆ ಐದೂ ಹೇಳ್ದೆ. ಒಬ್ಬರನ್ನೂ ಬಿಟ್ಟು ಬರ್ಲಿಲ್ಲ." ಆಮೇಲೆ ಜೇಬಿನಿಂದ ಒಂದು ಚೀಟಿ ತೆಗೆದರು. ನೆನೆದು ಒಣಗಿ, ನೆನೆದು ಒಣಗಿ ಮಡಿಕೆಯಲ್ಲಿ ಹರಿದಿತ್ತು. ನೀರಿನ ಟ್ಯಾಂಕು, ಕತ್ತರಿ. ಹಳೇ ಜೈಲು, ನಿಂಬೆಹಣ್ಣು. ಅಕ್ಷರ ಅವರದೇ. "ಹೋದ ಸಲ ಮನೆಗೆ ಹೋದ ತಕ್ಷಣ ಬರೆದಿಟ್ಕೊಂಡೆ. ದಿನಾ ಸ್ನಾನದ ಮನೇಲಿ ಓದ್ತಿದ್ದೆ. ನಿಂಗೆ ಕೇಳಿಸ್ಬಾರ್ದು ಅಂತ ನಲ್ಲಿ ಬಿಟ್ಕೋತಿದ್ದೆ. ಈ ಸಲ ಪಾಸಾ?"

"ಪಾಸ್ ರೀ."

"ನಿಜವಾಗ್ಲೂ?"

"ನಿಜವಾಗ್ಲೂ. ತಗೊಂಡಿದಾರೆ."

ಡ್ರೈವರು ದೊಡ್ಡದೊಂದು ಉಸಿರು ಬಿಟ್ಟರು. ಆಮೇಲೆ ಮೆಲ್ಲಗೆ, ಕ್ಲಾಸಿನ ಹೊರಗೆ ನಿಲ್ಲಿಸಿದ ಹುಡುಗ ಟೀಚರನ್ನು ಕೇಳುವ ಹಾಗೆ, "ಹಾಗಾದ್ರೆ ಇನ್ನು ನನ್ನ ಜೊತೆ ಮಾತಾಡ್ತೀಯಾ?" ಎಂದರು.

"ಏನಂದ್ರಿ?"

"ಹೋದ ಸಲ ಫೇಲಾದಾಗಿಂದ ನೀನು ಸರಿಯಾಗಿ ಮಾತೇ ಆಡಿಲ್ವಲ್ಲ. ವಾರ ಯಾವುದು ಅಂದ್ರೂ ಹೇಳ್ತಿರ್ಲಿಲ್ಲ. ತಪ್ಪು ನಂದೇ, ಸರಿಯಾಗಿ ಓದಿರ್ಲಿಲ್ಲ."

ಗ್ಯಾಸು ಮರೆತವರು, ಕಟಿಂಗ್ ಶಾಪಿನ ದಾರಿ ಮರೆತವರು, ಇದೊಂದನ್ನು ಆರು ತಿಂಗಳು ಅಷ್ಟೂ ದಿನ ಮರೆಯದೆ ಹೊತ್ತುಕೊಂಡಿದ್ದರು. ಟೀಚರಮ್ಮ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತರು. ನರ್ಸುಗಳು ಓಡಾಡುತ್ತಿದ್ದರು, ನಾಚಿಕೆ ಮಾನ ಒಂದೂ ನೋಡದೆ ಸೆರಗಿಗೆ ಮುಖವೊತ್ತಿ ಅತ್ತರು. ಡ್ರೈವರು ಗಾಬರಿಯಾಗಿ, "ಅಯ್ಯೋ, ಪಾಸಾದ್ನಲ್ಲೇ, ಅಳ್ತೀಯಾಕೆ?" ಎಂದು ಬೆನ್ನು ಸವರಿದರು.

"ಇವತ್ತು ಗುರುವಾರ ರೀ," ಎಂದರು ಟೀಚರಮ್ಮ, ಮೂಗೊರೆಸಿಕೊಂಡು. "ತಾರೀಖು ಹನ್ನೊಂದು. ಬೆಳಿಗ್ಗೆ ನಾವು ಬ್ರೆಡ್ ತಿಂದ್ವಿ. ನಿನ್ನೆ ನನ್ನ ತಂಗಿ ಬಂದಿದ್ಲು, ನಿಮಗೆ ನೀಲಿ ಸ್ವೆಟರ್ ತಂದ್ಲು, ನಿಮ್ಮ ಮೈಮೇಲಿರೋದು ಅದೇ." ಬಾಗಿಲ ಬಳಿ ಬಂದು ನಿಂತಿದ್ದ ಡಾಕ್ಟರಿಗೆ ಇದೆಲ್ಲ ಕೇಳಿಸುತ್ತಿತ್ತು. ಒಳಗೆ ಮೇಜಿನ ಮೇಲೆ, ಯಾವ ನೆರವನ್ನೂ ಕೊಡುವುದಿಲ್ಲವೆಂಬ ಕಾಗದದಲ್ಲಿ, ಟೀಚರಮ್ಮನ ಸಹಿಯ ಇಂಕು ಆರಿತ್ತೋ ಇಲ್ಲವೋ.

"ಯಾವ ವಾರ ಅಂದೆ?" ಎಂದರು ಡ್ರೈವರು.

"ಗುರುವಾರ," ಎಂದರು ಟೀಚರಮ್ಮ, ಇನ್ನೂ ಜೋರಾಗಿ.