ಮೂರು ಪ್ರತಿ

"ಇದನ್ನ ಪ್ರಿಂಟ್ ಹಾಕಿದ್ದು ಯಾರು?"

"ನಾನೇ ಸಾರ್. ನಂದೇ ಅಂಗಡಿ," ಎಂದ ಜೆರಾಕ್ಸ್ ಅಣ್ಣ. ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು. ಕಾಗದ ಸರಿಯಿಲ್ಲವೆಂದು ಅವನನ್ನು ಯಾವ ಕಚೇರಿಯೂ ವಾಪಸ್ ಕಳಿಸಿದ್ದಿಲ್ಲ.

ಠಾಣೆಯ ರೈಟರ್ ಕನ್ನಡಕ ತೆಗೆದರು. ಮೇಜಿನ ಮೇಲೆ ಅರ್ಜಿ, ಪಕ್ಕದಲ್ಲಿ ಮಗುಚಿಟ್ಟ ಮೂರು ಹಾಳೆ. ಒಂದನ್ನು ಎತ್ತಿ ನೋಡಿ, ಕೆಂಡ ಮುಟ್ಟಿದವರಂತೆ ಮತ್ತೆ ಮಗುಚಿದ್ದರು.

"ಮೂರು ಯಾಕಪ್ಪಾ?"

"ಒಂದು ನಿಮಗೆ, ಒಂದು ಮೇಲಿನೋರಿಗೆ, ಒಂದಕ್ಕೆ ಸೀಲು ಹೊಡೆಸಿ ನಾನಿಟ್ಕೊಳ್ಳೋಕೆ."

ಎಂಟನೇ ತರಗತಿಗೇ ಶಾಲೆ ಬಿಟ್ಟವನಿಗೆ ಕಚೇರಿಗಳ ಬೀದಿ ಕಲಿಸಿದ ಪಾಠ ಅದು. ಒಂದೇ ಪ್ರತಿ ಸಾಕು ಎಂದು ಅಂಗಡಿಗೆ ಬಂದವರನ್ನು ಗದರುತ್ತಿದ್ದ: "ಇರೋದೊಂದನ್ನ ಕೊಟ್ಟು ಬಂದು ಆಮೇಲೆ ಯಾರ ಮುಂದೆ ಅಳ್ತೀರಿ? ಮೂರು ತಗೊಳ್ಳಿ." ಇವತ್ತು ಬೆಳಿಗ್ಗೆ ಶಟರ್ ಅರ್ಧ ಇಳಿಸಿ, ಆ ಚಿತ್ರವನ್ನು ಫೋನಿನಿಂದ ಕಂಪ್ಯೂಟರಿಗೆ ಹಾಕಿಕೊಂಡು, ಗೋಡೆಗೆ ಮುಖ ತಿರುಗಿಸಿ ನಿಂತು, ಯಂತ್ರ ಮೂರು ಸಲ ಸದ್ದು ಮಾಡುವುದನ್ನು ಕೇಳಿಸಿಕೊಂಡಿದ್ದ. ಮುಖ ತಂಗಿಯದು. ಮಿಕ್ಕಿದ್ದು ಯಾವನೋ ಅಂಟಿಸಿದ್ದು. ಅವಳಿಗೆ ಹದಿನಾಲ್ಕು ವರ್ಷ. ಮೂರು ದಿನದಿಂದ ಅದು ಶಾಲೆಯ ಮಕ್ಕಳ ಫೋನಿನಿಂದ ಫೋನಿಗೆ ಓಡಾಡುತ್ತಿತ್ತು. ಅವಳು ನಿನ್ನೆಯಿಂದ ಕೋಣೆಯ ಚಿಲಕ ತೆಗೆದಿರಲಿಲ್ಲ.

ರೈಟರ್ ಡ್ರಾಯರಿನಿಂದ ತೆಳ್ಳಗಿನ ಪುಸ್ತಕವೊಂದನ್ನು ತೆಗೆದರು. ಮಕ್ಕಳನ್ನು ಅಶ್ಲೀಲ ಚಿತ್ರಗಳಿಂದ ಕಾಪಾಡಲು ಸರ್ಕಾರ ಈ ವರ್ಷ ತಂದ ಕಾಯಿದೆ. ಅಣ್ಣನಿಗೆ ನೋಡಿದೊಡನೆ ಗುರುತು ಸಿಕ್ಕಿತು. ಶಾಲೆಗಳಿಗೆ ಹಂಚಲು ಅದರ ನಾನೂರು ಪ್ರತಿ ತೆಗೆದು ಪಿನ್ನು ಹೊಡೆದುಕೊಟ್ಟವನು ಅವನೇ. ಓದಿರಲಿಲ್ಲ. ಬಂದ ಕಾಗದವನ್ನೆಲ್ಲ ಓದುತ್ತಾ ಕೂತರೆ ಅಂಗಡಿ ನಡೆದ ಹಾಗೆಯೇ.

"ಕೇಳು. ಮಕ್ಕಳ ಇಂಥ ಚಿತ್ರವನ್ನ ಯಾರು ಮುದ್ರಿಸ್ತಾರೋ, ಪ್ರತಿ ತೆಗೀತಾರೋ, ಹತ್ತಿರ ಇಟ್ಕೋತಾರೋ, ಅವರು ಆರೋಪಿ. ತಯಾರು ಮಾಡಿದ್ದು ಬೇರೆಯೋರಾದ್ರೂ ಸರಿ."

"ಅಂದ್ರೆ?"

"ಫೋನು ತಂದು ತೋರಿಸಿದ್ರೆ ಸಾಕಿತ್ತು ಕಣಪ್ಪಾ. ಮೂರು ಮಾಡ್ಕೊಂಡು ಬಂದಿದ್ದೀಯಲ್ಲ!"

"ನಾನು ಅಣ್ಣ ಸಾರ್ ಅವಳಿಗೆ!"

"ಇದರಲ್ಲಿ ಅಣ್ಣ ಅಂತ ಎಲ್ಲೂ ಬರೆದಿಲ್ಲ."

ಅವನಿಗೆ ಸಿಟ್ಟು ನೆತ್ತಿಗೇರಿತು. ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಮಾಡಿದೋನನ್ನ ಹಿಡೀರಿ! ಅವನು ಎಲ್ಲೋ ಕಾಲ್ಮೇಲೆ ಕಾಲು ಹಾಕ್ಕೊಂಡು ನಗ್ತಾ ಇರ್ತಾನೆ, ನೀವು ದೂರು ಕೊಡೋಕೆ ಬಂದೋನ ಕುತ್ತಿಗೆ ಹಿಡೀತೀರಾ?"

"ಅವನ್ಯಾರು ಅಂತ ಗೊತ್ತಿಲ್ಲ. ನೀನ್ಯಾರು ಅಂತ ಗೊತ್ತು. ಹೆಸರು, ವಿಳಾಸ, ಸಹಿ, ಎಲ್ಲಾ ನೀನೇ ಬರೆದುಕೊಟ್ಟಿದ್ದೀಯ. ಅದೂ ಮೂರು ಕಡೆ."

ಬಾಗಿಲಲ್ಲಿದ್ದ ಮಹಿಳಾ ಪೇದೆಗೆ ಫಕ್ಕನೆ ನಗು ಬಂತು. ತಕ್ಷಣ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಬಂದು ಕುರ್ಚಿ ಎತ್ತಿ ನಿಲ್ಲಿಸಿದವಳೂ ಅವಳೇ.

ಅಣ್ಣ ಕೂತ.

"ನನ್ನ ಒಳಗೆ ಹಾಕಿ ಸಾರ್. ಮಷೀನು ಹೊತ್ಕೊಂಡು ಹೋಗಿ. ಆ ಚಿತ್ರ ಮಾತ್ರ ಇವತ್ತೇ ಎಲ್ಲಾ ಕಡೆಯಿಂದ ತೆಗೆಸಿಬಿಡಿ. ನಿನ್ನೆಯಿಂದ ಒಂದು ಲೋಟ ನೀರು ಕುಡಿದಿಲ್ಲ ಅವಳು. ಆಗಾಗ ಬಾಗಿಲು ಬಡೀತೀನಿ, ಒಳಗೆ ಉಸಿರಾಡೋದು ಕೇಳಿಸಿದ್ರೆ ಸಾಕು ಅಂತ."

"ತೆಗೆಸೋಕೆ ಪತ್ರ ಕಳಿಸ್ಬೇಕು. ಪೋಷಕರ ಸಹಿ ಬೇಕು. ಅಪ್ಪ ಅಮ್ಮ?"

"ಇಬ್ರೂ ಇಲ್ಲ. ಆರು ವರ್ಷ ಆಯ್ತು. ನಾನೇ ಪೋಷಕ."

ರೈಟರ್ ಪೆನ್ನಿನ ಮುಚ್ಚಳವನ್ನು ಹಾಕಿದರು, ತೆಗೆದರು, ಮತ್ತೆ ಹಾಕಿದರು. ಕೆಟ್ಟ ಮನುಷ್ಯರಲ್ಲ. "ಆರೋಪಿ ಸಹಿ ನಡೆಯಲ್ಲ ಕಣಪ್ಪಾ. ಹುಡುಗಿಯೇ ಬರ್ಬೇಕು. ಚಿತ್ರ ನೋಡಿ, ಇದು ನನ್ನ ಮುಖ ಅಂತ ಗುರುತಿಸಿ, ಸಹಿ ಹಾಕ್ಬೇಕು. ಹಾಕಿದ್ರೆ ಇವತ್ತೇ ಕಳಿಸ್ತೀನಿ. ಅಷ್ಟು ಮಾತ್ರ ನನ್ನ ಕೈಲಿದೆ."

ಅಣ್ಣ ತಂಗಿಗೆ ಫೋನು ಮಾಡಿದ; ಅದು ಬಹಳ ಹೊತ್ತು ಬಡಿದುಕೊಂಡಿತು. ಕೊನೆಗೆ ಅವಳು ಎತ್ತಿದಳು.

"ಪುಟ್ಟೀ, ಒಂದ್ಸಲ ಇಲ್ಲಿಗೆ ಬರ್ಬೇಕು ಕಣೆ. ಒಬ್ರು ಪೊಲೀಸ್ ಮೇಡಂ ಬರ್ತಾರೆ, ಅವರ ಜೊತೆ ಬಾ. ನೀನು ಸಹಿ ಹಾಕಿದ್ರೆ ಅದನ್ನ ತೆಗೆಸ್ತಾರಂತೆ."

ಆ ಕಡೆಯಿಂದ ಒಣಗಿದ ದನಿ: "ಅಣ್ಣಾ, ನೀನು ನೋಡಿದ್ಯಾ ಅದನ್ನ?"

ಅವನು ಮೇಜಿನ ಮೇಲಿನ ಹಾಳೆಗಳನ್ನು ನೋಡಿದ.

"ಇಲ್ಲ ಕಣೆ. ಯಾರೋ ನೇರ ಇವರಿಗೇ ಕಳಿಸಿದಾರೆ. ನಾನು ನೋಡೇ ಇಲ್ಲ."

"ನಿಜವಾಗ್ಲೂ?"

"ನಿನ್ನಾಣೆ."

ಮಹಿಳಾ ಪೇದೆ ಕರೆತಂದಾಗ ಅವಳು ದುಪಟ್ಟಾವನ್ನು ಕಣ್ಣಿನವರೆಗೂ ಸುತ್ತಿಕೊಂಡಿದ್ದಳು. ಕಾಲಲ್ಲಿ ಒಂದು ಚಪ್ಪಲಿ ಅವಳದು, ಇನ್ನೊಂದು ಅಣ್ಣನದು. ರೈಟರ್ ಎದ್ದು ಕಿಟಕಿಯ ಕಡೆ ತಿರುಗಿ ನಿಂತರು. ಅಣ್ಣ ಗೋಡೆಗೆ ಒರಗಿ ಆ ಚಪ್ಪಲಿಗಳನ್ನೇ ನೋಡಿದ.

ಅವಳು ಮೊದಲನೇ ಹಾಳೆ ಮಗುಚಿದಳು. ಉಸಿರು ಒಳಕ್ಕೆ ಹೋದದ್ದು ಕೇಳಿಸಿತು, ಹೊರಕ್ಕೆ ಬಂದದ್ದು ಕೇಳಿಸಲಿಲ್ಲ. ಅವಳ ಬೆರಳು ಹಾಳೆಯ ಬಲ ಅಂಚಿಗೆ ಹೋಗಿ ನಿಂತಿತು. ಅಲ್ಲಿ ಮೇಲಿನಿಂದ ಕೆಳತನಕ ಕೂದಲೆಳೆಯಂಥ ಕಪ್ಪು ಗೆರೆ. ಅಂಗಡಿಯ ಯಂತ್ರ ಎರಡು ವರ್ಷದಿಂದ ಪ್ರತಿ ಹಾಳೆಯ ಮೇಲೂ ಎಳೆಯುತ್ತಿದ್ದ ಗೆರೆ, ಅವಳ ಶಾಲೆಯ ಪ್ರಾಜೆಕ್ಟುಗಳ ಹಾಳೆ ಹಾಳೆಯಲ್ಲೂ ಇದ್ದದ್ದು. ಬೆರಳು ಅದರ ಮೇಲೆಯೇ ಮೆಲ್ಲಗೆ ಕೆಳಗಿಳಿಯಿತು.

"ಮಷೀನಿನ ಡ್ರಮ್ಮು ಬದಲಾಯಿಸು ಅಂತ ಎಷ್ಟು ಸಲ ಹೇಳಿದ್ದೆ ನಿಂಗೆ," ಎಂದಳು. ತಲೆ ಎತ್ತಲಿಲ್ಲ.

ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿದ.

"ಮೂರಕ್ಕೂ ಹಾಕಮ್ಮ," ಎಂದರು ರೈಟರ್, ಕಿಟಕಿಯ ಕಡೆಯಿಂದಲೇ.

ಅವಳು ಪೆನ್ನು ತೆಗೆದುಕೊಂಡು, ಉತ್ತರಪತ್ರಿಕೆಯ ಮೇಲೆ ಬರೆಯುವ ಹಾಗೆ ದುಂಡಗೆ, ಪೂರ್ತಿ ಹೆಸರನ್ನು ಮೂರು ಸಲ ಬರೆದಳು. ಹಾಳೆಗಳನ್ನು ಒಟ್ಟು ಮಾಡಿ ಮೇಜಿಗೆ ಕುಟ್ಟಿ ಅಂಚು ಸರಿಮಾಡಿದಳು. ಆಮೇಲೆ ಮಗುಚಿಟ್ಟು, ಅವುಗಳ ಮೇಲೆ ಎರಡೂ ಅಂಗೈ ಊರಿ ಕೂತಳು.