ಪಡುವಣ ಗೋಡೆ

ತಗಡಿನ ಮಾಡಿನ ಮೇಲೆ ಎಲೆಯೊಂದು ಬಿತ್ತು, ಒಣಗಿದ್ದು, ಹಸಿಯಾಗಿದ್ದರೆ ಸದ್ದಿಗೆ ಇಷ್ಟು ಮೊನೆ ಇರುತ್ತಿರಲಿಲ್ಲ, ಈ ಭೇದವನ್ನು ನನ್ನ ಕಿವಿಗೆ ಕಲಿಸಿದ್ದು ನಲವತ್ತಾರು ವರ್ಷದ ಹಿಂದಿನ ಆ ಒಂದು ಮಧ್ಯಾಹ್ನ — ಪಡುವಣ ಗಾಳಿ ಎದ್ದಿತ್ತು, ಕುರುಚಲು ಕಾಡು ಹೊತ್ತಿಕೊಂಡಿತ್ತು, ಬೆಂಕಿ ಇಳಿಜಾರನ್ನು ಏರಿ ಬರುತ್ತಿತ್ತು, ಬೆಂಕಿಗೆ ಇಳಿಯುವುದಕ್ಕಿಂತ ಏರುವುದು ಸಲೀಸು ಎಂದು ನಾನು ಓದಿದ ಯಾವ ಪುಸ್ತಕವೂ ಹೇಳಿರಲಿಲ್ಲ, ನಮ್ಮವರು ನದಿಯಾಚೆ ಸೇತುವೆಯ ಕೆಲಸದಲ್ಲಿ, ಮನೆಯಲ್ಲಿ ನಾನು ಮತ್ತು ಏಳು ತಿಂಗಳ ಮಗ, ಮಗುವನ್ನು ಬಚ್ಚಲಲ್ಲಿ ಒದ್ದೆ ಕಂಬಳಿಯ ಮರೆಗೆ ಮಲಗಿಸಿದೆ, ಮಾಡಿನ ನೀರು ಇಳಿಯುವ ಕೊಳವೆಗಳ ಬಾಯಿಗೆ ನನ್ನ ಲಂಗಗಳನ್ನು ತುರುಕಿದೆ, ಸಾಲದೆ ಬಂದಾಗ ನಮ್ಮವರ ಮದುವೆಯ ಕೋಟನ್ನು ತುರುಕಿದೆ, ಏಣಿ ಹತ್ತಿ ಇಳಿದು ಬಿಂದಿಗೆ ಬಿಂದಿಗೆಯಾಗಿ ಸೂರಿನಂಚಿನ ದೋಣಿಗಳನ್ನು ತುಂಬಿಸಿದೆ, ಹನ್ನೊಂದು ಗೋಣಿಚೀಲ ನೆನೆಸಿ ಹಾರಿ ಬಂದ ಕಿಡಿಯನ್ನೆಲ್ಲ ಬಡಿದೆ, ಬಡಿದೆ, ಆರು ಗಂಟೆ ಬಡಿದೆ, ಮನೆ ಉಳಿಯಿತು, ಹುಬ್ಬು ಉಳಿಯಲಿಲ್ಲ. ನಮ್ಮವರು ಏದುಸಿರು ಬಿಡುತ್ತ ಬಂದು ಮಗುವನ್ನು ನೋಡಿ, ನನ್ನನ್ನು ನೋಡಿ, ಮಾಡನ್ನು ನೋಡಿ, ಮೊದಲು ಆಡಿದ ಮಾತು, ನನ್ನ ಕೋಟೆಲ್ಲೇ? ಇಬ್ಬರೂ ಕೂತು ನಕ್ಕೆವು, ನಗುತ್ತ ನಗುತ್ತ ನನಗೆ ಹಲ್ಲು ಕಟಕಟನೆ ಬಡಿಯತೊಡಗಿದ್ದನ್ನು ಅವರು ಆಯಾಸವೆಂದುಕೊಂಡರು, ನಾನೂ ಹಾಗೆಯೇ ಅಂದುಕೊಳ್ಳಲು ಬಿಟ್ಟೆ. ಸೋಮವಾರ ಶಾಲೆಗೆ ಹೋದರೆ ಮಕ್ಕಳ ಬಾಯಲ್ಲಿ ಬೆಂಕಿ ಟೀಚರ್, ಆಮೇಲೆ ಅವರ ತಂದೆತಾಯಿಯರ ಬಾಯಲ್ಲಿ, ಆಮೇಲೆ ಅಂಚೆಯವನ ಬಾಯಲ್ಲಿ, ಬಿರುದನ್ನು ಕಿರೀಟದಂತೆ ಧರಿಸಿದೆ, ಕಿರೀಟದ ಭಾರ ನೋಡುವವರ ಕಣ್ಣಿಗೆ ಕಾಣುವುದಿಲ್ಲ, ಕುತ್ತಿಗೆಗೆ ಗೊತ್ತು.

ಇವತ್ತು ಕೊಳ್ಳುವವರಿಗೆ ಮನೆ ತೋರಿಸುವ ದಿನ, ಗೇಟಿನ ಬಳಿ ಏಜೆಂಟ್ ನೆಟ್ಟ ಫಲಕ — ನಿಸರ್ಗದ ಮಡಿಲಲ್ಲಿ ವಿಶಾಲವಾದ ಕುಟುಂಬದ ಮನೆ, ಐದು ಮಲಗುವ ಕೋಣೆ, ಮೂರು ಕಡೆ ಜಗಲಿ, ಎರಡು ನೀರಿನ ತೊಟ್ಟಿ, ಸಂಪೂರ್ಣ ಪ್ರಶಾಂತ — ಕೈಯಲ್ಲಿ ಕೆಂಪು ಪೆನ್ಸಿಲ್ ಇದ್ದಿದ್ದರೆ ಎರಡು ಕಡೆ ಗೆರೆ ಎಳೆಯುತ್ತಿದ್ದೆ, ಮಡಿಲು ಕಿಡಿಯುಗುಳುವುದಿಲ್ಲ, ಸಂಪೂರ್ಣ ಪ್ರಶಾಂತ ಎಂಬುದು ಸ್ಮಶಾನಕ್ಕೆ ಒಪ್ಪುವ ವಿಶೇಷಣ. ಬೆಳಿಗ್ಗೆಯೇ ಏಜೆಂಟ್ ಎರಡೂ ಕೈ ಜೋಡಿಸಿದ್ದ, ಅಮ್ಮಾ, ಬಂದವರ ಮುಂದೆ ಆ ಬೆಂಕಿ ಕಥೆ ಮಾತ್ರ ತೆಗೀಬೇಡಿ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ. ಮೂವತ್ತನಾಲ್ಕು ವರ್ಷ ಸುಳ್ಳು ಹೇಳಬಾರದು ಅಂತ ಪಾಠ ಮಾಡಿದೋಳಪ್ಪ ನಾನು, ಕೇಳಿದ್ರೆ ಹೇಳ್ತೀನಿ, ಕೇಳದಿದ್ರೂ ಹೇಳ್ತೀನಿ. ಹೇಳಿಯೂ ಬಿಟ್ಟೆ, ಹತ್ತೂವರೆಗೆ ಬಂದ ಜೇನು ಸಾಕುವವನಿಗೆ, ಅವನ ಹೆಂಡತಿಗೆ, ಏಜೆಂಟ್ ಹರಳೆಣ್ಣೆ ಕುಡಿದ ಮುಖ ಮಾಡಿ ಕಿಟಕಿಯ ಚಿಲಕವನ್ನು ಪರೀಕ್ಷಿಸುತ್ತ ನಿಂತ, ಆದರೆ ಜೇನಿನವನು ಓಡಿಹೋಗಲಿಲ್ಲ, ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಕೇಳಿದ, ಯಾವ ಕಡೆಯಿಂದ ಬಂತಮ್ಮಾ? ಆಗ ತೊಟ್ಟಿ ಎಷ್ಟು ತುಂಬಿತ್ತು? ಸರಿ ಬಿಡಿ, ಆ ಇಳಿಜಾರಲ್ಲಿ ನೂರಡಿ ಬೋಳಿಸಿಬಿಡ್ತೀನಿ, ತೊಟ್ಟಿಗೆ ಡೀಸೆಲ್ ಪಂಪು ಕೂರಿಸ್ತೀನಿ, ಹೊಗೆ ಹಿಡ್ಕೊಂಡೇ ಬದುಕೋನು ನಾನು, ಕಾಡಿಲ್ದೆ ನನ್ನ ಹುಳಗಳಿಗೆ ಊಟ ಎಲ್ಲಿ? ಹೆಂಡತಿ ನನ್ನ ಕಡೆ ತಿರುಗಿ, ನೋಡಿ ಅಮ್ಮಾ, ಜೇನು ಕಚ್ಚಿದ್ರೂ ಇವರಿಗೆ ಪ್ರೀತಿ, ನಾನು ಒಂದು ಮಾತು ಅಂದ್ರೆ ಮಾತ್ರ ಉರಿಯತ್ತೆ. ನೂರಡಿ ಬೋಳಿಸುತ್ತಾನಂತೆ, ನಲವತ್ತಾರು ವರ್ಷದಲ್ಲಿ ನನಗೇಕೆ ಹೊಳೆಯಲಿಲ್ಲ, ಹೊಳೆದಿತ್ತು, ಕಾಡನ್ನು ಕಡಿಸಿದರೆ ಬೆಂಕಿ ಟೀಚರ್ ಹೆದರಿದಳು ಎಂದಾರಲ್ಲ, ಅದಕ್ಕೆ — ತಗೋಪ್ಪ, ತಗೋ, ಮನಸ್ಸಿನಲ್ಲೇ ಬೀಗದ ಕೈಯನ್ನು ಅವನ ಅಂಗೈಗೆ ಒತ್ತಿದ್ದೆ.

ಬಾಯಿ ಬಿಟ್ಟು ಹೇಳುವಂತಿಲ್ಲ. ನಮ್ಮವರು ತೀರಿಕೊಂಡ ವರ್ಷ ಮಗ ಮೆಲ್ಲಗೆ ಕೇಳಿದ್ದ, ಅಮ್ಮ, ಇಷ್ಟು ದೊಡ್ಡ ಮನೆ, ಒಬ್ಬಳೇ, ಮಾರೋಣವಾ? ನೆಂಟರಿಷ್ಟರು ತುಂಬಿದ್ದ ನಡುಮನೆಯಲ್ಲಿ ನಾನು ತಲೆಯೆತ್ತಿ, ನನ್ನ ಹೆಣ ಹೋದ ಮೇಲೆ ಮಾರ್ಕೊಳ್ಳಿ ಅಂದೆ, ದುಃಖ ಆಡಿಸಿದ ಮಾತು, ಅಭಿಮಾನ ಅದಕ್ಕೆ ಮೊಳೆ ಹೊಡೆಯಿತು, ಒಂಬತ್ತು ಬೇಸಿಗೆ ಆ ಮೊಳೆಗೇ ನೇತುಬಿದ್ದೆ. ಕೊನೆಗೆ ಮಂಡಿ ಕೈಕೊಟ್ಟಿತು, ಡಾಕ್ಟರು ಆಸ್ಪತ್ರೆಯ ಹತ್ತಿರ ಇರಿ ಎಂದರು, ಆ ಮಂಡಿಗೆ ಎಷ್ಟು ಎಣ್ಣೆ ತಿಕ್ಕಿದರೂ ಋಣ ತೀರದು, ಮಗನ ಮುಂದೆ ಒಂದು ನಿಟ್ಟುಸಿರು ಬಿಟ್ಟು, ನಿನ್ನಿಷ್ಟ ಕಣಪ್ಪ ಅಂದೆ, ನಿಟ್ಟುಸಿರನ್ನು ಹಿಂದಿನ ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೆ. ಯಾರಿಗೂ ಗೊತ್ತಿಲ್ಲದ್ದು ಇನ್ನೊಂದಿದೆ, ಹಲ್ಲಿನ ಡಾಕ್ಟರ ನೆಪ ಹೇಳಿ ಬಸ್ ಹತ್ತಿ, ಮಗ ನೋಡಿಟ್ಟ ಆ ಎರಡು ಕೋಣೆಯ ಮನೆಗೆ ಒಬ್ಬಳೇ ಹೋಗಿಬಂದೆ, ಎರಡನೇ ಮಹಡಿ, ಲಿಫ್ಟಿದೆ, ಕೆಳಗೆ ದರ್ಜಿಯ ಅಂಗಡಿ, ಎದುರಿಗೆ ಬಸ್ ನಿಲ್ದಾಣ, ಸುತ್ತ ಸಿಮೆಂಟು, ಮೊಣಕಾಲಿಗಿಂತ ಎತ್ತರದ ಒಂದು ಗಿಡವಿಲ್ಲ, ಎಂಥ ಚೆಲುವು! ಬರಿ ನೆಲದ ಮೇಲೆ ಸೆರಗು ಹಾಸಿ ಐದು ನಿಮಿಷವೆಂದು ತಲೆಯಿಟ್ಟವಳಿಗೆ ಎಚ್ಚರವಾದದ್ದು ಎರಡೂವರೆ ಗಂಟೆಯ ನಂತರ, ಬಸ್ಸುಗಳ ಹಾರ್ನ್, ಹೊಲಿಗೆ ಯಂತ್ರದ ಗಡಗಡ, ಯಾರೋ ಯಾರಿಗೋ ಬೈಯುತ್ತಿದ್ದ ಸದ್ದು, ಮೂಗು ಗಾಳಿಯನ್ನು ಒಮ್ಮೆಯೂ ಮೂಸಿರಲಿಲ್ಲ.

ಈಗ ಜಗಲಿಯಲ್ಲಿ ಚಹಾ, ಜೇನಿನವನು ಒಪ್ಪಿದ್ದಾನೆ, ಏಜೆಂಟ್ ಕಾಗದ ಹರಡಿದ್ದಾನೆ, ಮಗ ಪೆನ್ನಿನ ಮುಚ್ಚಳ ತೆಗೆದಿದ್ದಾನೆ, ಮೊಮ್ಮಗಳು ಮೆಟ್ಟಿಲ ಮೇಲೆ ಕೂತಿದ್ದಾಳೆ, ಬಿಸಿಲು ಓರೆಯಾಗಿದೆ, ಮೂರು ಗಂಟೆ ಇರಬೇಕು, ಮೂರಾಯಿತೆಂದರೆ ನನ್ನ ಕಾಲು ತಾನಾಗಿ ಎದ್ದು ಹೋಗುತ್ತದೆ, ಪಡುವಣ ಗೋಡೆಗೆ ಅಂಗೈ ಇಟ್ಟು ನಿಲ್ಲುತ್ತೇನೆ, ಎಷ್ಟು ಕಾದಿದೆ, ಆಚೆ ಗಾಳಿ ಹೇಗಿದೆ, ಇವತ್ತಿನ ಮಟ್ಟಿಗೆ ಉಳಿದೆವೇ, ಅಂಗೈಗೆ ತಿಳಿಯುತ್ತದೆ, ದಿನವೂ ಮಾಡುವ ಕೆಲಸ — ಬೆನ್ನ ಹಿಂದೆ ಮಗನ ದನಿ, ಬೇಡ ಸಾರ್. ಬೇಡ ಅಂದ್ರೆ? ಏಜೆಂಟ್ ಗಾಬರಿಯಾದ. ನೋಡಿ ಅಲ್ಲಿ, ಅಮ್ಮ ಗೋಡೆ ಸವರ್ತಾ ಇದಾಳೆ, ನಾನು ಚಿಕ್ಕೋನಾಗಿದ್ದಾಗಿಂದ ನೋಡ್ತಿದೀನಿ, ದಿನಾ ಹೀಗೆ ಬಂದು ಮುಟ್ಟಿ ಹೋಗ್ತಾಳೆ, ಬೆಳಕು ಹರಿಯೋಕೆ ಮುಂಚೆ ಎದ್ದು ಒಂದೆಲೆ ಬಿಡದೆ ಗುಡಿಸ್ತಾಳೆ, ಕಾಡು ಕಾಣ್ಲಿ ಅಂತ ಮಂಚಾನೇ ಕಿಟಕಿ ಕಡೆ ತಿರುಗಿಸ್ಕೊಂಡೋಳು, ಈ ಮನೆ ಅಂದ್ರೆ ಅವಳಿಗೆ ಪ್ರಾಣ, ನನ್ನ ಕೈಯಲ್ಲಿ ಆಗಲ್ಲ, ಕ್ಷಮಿಸಿಬಿಡಿ. ಪೆನ್ನಿನ ಮುಚ್ಚಳ ಟಪ್ಪೆಂದು ಮುಚ್ಚಿತು. ಜೇನಿನವನು ಏಳುತ್ತಿದ್ದಾನೆ, ಪರವಾಗಿಲ್ಲ, ತಾಯಿ ಮನಸ್ಸು ನೋಯಿಸಿ ತಗೊಂಡ ಮನೆ ನಮಗೂ ಬೇಡ ಬಿಡಿ, ಅವನ ಹೆಂಡತಿ ಚಪ್ಪಲಿ ಹುಡುಕುತ್ತಿದ್ದಾಳೆ, ಅಯ್ಯೋ ಒಳ್ಳೆಯವರೇ, ಇಷ್ಟು ಒಳ್ಳೆಯವರಾಗಬೇಡಿರೋ — ಗುಡಿಸಿದ್ದು ಎಲೆಗೆ ಕಿಡಿ ತಾಗದಿರಲೆಂದು, ಮಂಚ ತಿರುಗಿಸಿದ್ದು ಕೆಂಪು ಮೊದಲು ನನಗೇ ಕಾಣಲೆಂದು, ನಲವತ್ತಾರು ವರ್ಷದ ಕಾವಲನ್ನು ಮಗ ಪ್ರೀತಿಯೆಂದು ಓದಿಕೊಂಡಿದ್ದಾನೆ, ತಪ್ಪು ಅವನದಲ್ಲ, ಬರೆದವಳ ಅಕ್ಷರವೇ ಹಾಗಿತ್ತು. ಸುಮ್ಮನಿದ್ದರೆ ಸಾಕು, ಬೆಂಕಿ ಟೀಚರ್ ಬೆಂಕಿ ಟೀಚರಾಗಿಯೇ ಉಳಿಯುತ್ತಾಳೆ, ಇನ್ನೊಂದು ಬೇಸಿಗೆ, ಮತ್ತೊಂದು, ಗೇಟಿನ ಹತ್ತಿರ ಅವರ ಗಾಡಿಯ ಬಾಗಿಲು ತೆರೆದ ಸದ್ದು — ನಿಲ್ಲೀ! ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ನನ್ನ ಹಳೆಯ ದನಿ, ಇನ್ನೂ ಇದೆ ಅದು, ಎಲ್ಲರೂ ನಿಂತಲ್ಲೇ ನಿಂತರು, ಆಮೇಲೆ ಆ ದನಿ ಎಲ್ಲಿ ಹೋಯಿತೋ, ಉಳಿದದ್ದು ಇಷ್ಟೇ ಇಷ್ಟು, ಮಗೂ, ಸಹಿ ಹಾಕಪ್ಪ, ನಾನು ಗೋಡೆ ಸವರ್ತಿಲ್ಲ, ಬಿಸಿ ನೋಡ್ತಿದೀನಿ, ನನಗೆ ಇಲ್ಲಿ ಹೆದರಿಕೆ ಕಣೋ, ಅವತ್ತಿಂದ ಇವತ್ತಿನವರೆಗೂ ದಿನಾ ಹೆದರಿಕೆ.

ಆಕಾಶ ಬಿದ್ದೀತೆಂದುಕೊಂಡಿದ್ದೆ, ಬೀಳಲಿಲ್ಲ, ಭುಜದಿಂದ ಏನೋ ಇಳಿದು ಹೋದಂತೆ, ಬಿಂದಿಗೆ ಕೆಳಗಿಟ್ಟಂತೆ, ಮಗ ಮೆಲ್ಲಗೆ, ಮತ್ತೆ ಒಂಬತ್ತು ವರ್ಷ ಯಾಕಮ್ಮ ಹೇಳಲಿಲ್ಲ, ನಾನು ಇದನ್ನ ಮಾರೋದು ಅಂದ್ರೆ ಪಾಪ ಅಂತ ಒದ್ದಾಡ್ತಿದ್ದೆನಲ್ಲ, ಹೇಳುತ್ತಲೇ ಕೂತ, ಪೆನ್ನು ಕಾಗದದ ಮೇಲೆ ಓಡಿತು, ಏಜೆಂಟ್ ಹಣೆ ಒರೆಸಿಕೊಂಡು, ಅಮ್ಮಾ, ಇದನ್ನೇ ಬೆಳಿಗ್ಗೆ ಹೇಳಿದ್ರೆ ನನಗೆ ಅರ್ಧ ಆಯಸ್ಸು ಉಳೀತಿತ್ತು, ಜೇನಿನವನ ಹೆಂಡತಿ ನಗುತ್ತಿದ್ದಾಳೆ, ನಾನೂ ನಗುತ್ತಿದ್ದೇನೆ, ಈ ಸಲ ಹಲ್ಲು ಕಟಕಟನೆ ಬಡಿಯಲಿಲ್ಲ. ಮೆಟ್ಟಿಲ ಮೇಲಿನವಳು ಮಾತ್ರ ನಗುತ್ತಿಲ್ಲ, ಎದ್ದು ಬಂದಳು, ಹತ್ತೊಂಬತ್ತರ ಹುಡುಗಿ, ನನಗಿಂತ ಒಂದು ಗೇಣು ಎತ್ತರ, ಬೇಸಿಗೆ ರಜೆಗೆ ಇವಳು ಇಲ್ಲಿಗೆ ಬರುವುದನ್ನು ಬಿಟ್ಟು ಎಷ್ಟು ವರ್ಷವಾಯಿತು, ಪರೀಕ್ಷೆ, ಶಿಬಿರ, ಗೆಳತಿಯ ಮನೆ, ಪ್ರತಿ ವರ್ಷ ಒಂದು ನೆಪ, ಎಂಟು ವರ್ಷದವಳಿದ್ದಾಗ ಒಮ್ಮೆ ಜೋರು ಗಾಳಿಯೆದ್ದಾಗ ಅಳುತ್ತ ಬಂದು ಸೀರೆಯ ನೆರಿಗೆಯಲ್ಲಿ ಮುಖ ಹುದುಗಿಸಿದ್ದಳು, ಥೂ, ಬೆಂಕಿ ಟೀಚರ್ ಮೊಮ್ಮಗಳು ಅಳ್ತಾಳಾ, ಅಂದವಳು ನಾನೇ, ನೆರಿಗೆ ಬಿಡಿಸಿಕೊಂಡವಳೂ ನಾನೇ, ಈಗ ನನ್ನ ಎರಡೂ ತೋಳು ಹಿಡಿದಿದ್ದಾಳೆ, ಕಣ್ಣು ತುಂಬಿದೆ, ಏನೇ, ಏನಾಯ್ತೇ? ಅಜ್ಜೀ, ಈಗ ಅಂದ್ಯಲ್ಲ, ನನಗೆ ಹೆದರಿಕೆ ಅಂತ, ಅದನ್ನ ನನ್ನ ಕಡೆ ತಿರುಗಿ, ನನಗೋಸ್ಕರ, ಇನ್ನೊಂದ್ಸಲ ಹೇಳು.